ಆಂಟೆನಾ ಬಿಚ್ಚಿದವನು

ಹದಿನಾಲ್ಕನೇ ತಾರೀಖು ಬೆಳಿಗ್ಗೆ ಒಂಬತ್ತಕ್ಕೆ ಬಂದರಿನ ಪೊಲೀಸ್ ಠಾಣೆಗೆ ಬಂದ ಮೀನುಗಾರನ ಬಟ್ಟೆ ಇನ್ನೂ ಒದ್ದೆಯಾಗಿತ್ತು. ಹಿಂದಿನ ಸಂಜೆ ಅವನ ದೋಣಿ ಮುಳುಗಿತ್ತು; ಅವನು ಹಲಗೆ ಹಿಡಿದು ರಾತ್ರಿಯೆಲ್ಲ ತೇಲಿ ದಡ ಸೇರಿದ್ದ. ಜೊತೆಗಿದ್ದ ತಮ್ಮ ಸಿಕ್ಕಿರಲಿಲ್ಲ.

"ಏಳು ಗಂಟೆ ದಾಟಿದ್ಮೇಲೆ ರೇಡಿಯೋದಲ್ಲಿ ಕೂಗ್ಕೊಂಡ್ವಿ ಸಾರ್. ಆ ಸರಕು ಹಡಗು ಕಣ್ಣೆದುರಿಗೇ ಹೋಯ್ತು, ಕಿವುಡರ ಥರ."

ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ಕಾನ್‌ಸ್ಟೆಬಲ್ ಜೊತೆ ಬಂದರಿನಲ್ಲೇ ನಿಂತಿದ್ದ ಆ ಹಡಗು ಹತ್ತಿದರು. ಕಾನ್‌ಸ್ಟೆಬಲ್ ಕಂಬಿ ಹಿಡಿದುಕೊಂಡ.

"ಕಟ್ಟಿಹಾಕಿದ ಹಡಗಲ್ಲೇ ತಲೆ ತಿರುಗುತ್ತೇನಯ್ಯಾ?"

"ಹೊಟ್ಟೆಗೆ ಹಗ್ಗ ಕಟ್ಟಿಲ್ವಲ್ಲ ಸಾರ್."

ಅಪಾಯದ ಕರೆ ಕೇಳುವ ರೇಡಿಯೋ ಸರಿಯಾಗಿಯೇ ಇತ್ತು. ಹಿಂದಿನ ಸಂಜೆ ಪಾಳಿಯಲ್ಲಿದ್ದ ಅಧಿಕಾರಿ ತಲೆ ತಗ್ಗಿಸಿದ. "ಏಳರ ಮೇಲೆ ಒಂದರ್ಧ ಗಂಟೆ ಸದ್ದೇ ಇರ್ಲಿಲ್ಲ. ಗಲಾಟೆ ಇಲ್ಲ, ಒಳ್ಳೇದಾಯ್ತು ಅಂದ್ಕೊಂಡೆ."

ಆಂಟೆನಾಗಳಿದ್ದ ಮೇಲ್ಛಾವಣಿ ಹತ್ತಿ ನೋಡಿದರು. ಕೇಬಲ್ ಜೋಡಣೆಗಳಿಗೆಲ್ಲ ಹಳೇ ಬಣ್ಣ ಮೆತ್ತಿತ್ತು. ಈ ರೇಡಿಯೋದ ಆಂಟೆನಾ ಜೋಡಣೆಗೆ ಮಾತ್ರ ಹೊಸ ಟೇಪು. ಇನ್ಸ್‌ಪೆಕ್ಟರ್ ಅದನ್ನು ಪಂಚನಾಮೆಯಲ್ಲಿ ಬರೆಸಿದರು.

"ಇದನ್ನ ಯಾರೋ ಈಗೀಗ ಬಿಚ್ಚಿದ್ದಾರೆ. ಹಡಗಲ್ಲಿ ಬೇರೆ ರೇಡಿಯೋ ಯಾರ ಹತ್ರ ಇದೆ?"

"ಎಲೆಕ್ಟ್ರಿಷಿಯನ್ ಹತ್ರ. ಹವ್ಯಾಸಿ ರೇಡಿಯೋ, ಲೈಸೆನ್ಸ್ ಇದೆ," ಎಂದ ಕ್ಯಾಪ್ಟನ್. "ನಾನೇ ಒಪ್ಪಿಗೆ ಕೊಟ್ಟಿದ್ದೆ. ಆದ್ರೆ ಹಡಗಿನ ಆಂಟೆನಾ ಮುಟ್ಟೋ ಹಾಗಿಲ್ಲ, ಸ್ವಂತ ತಂತಿ ಕಟ್ಕೋಬೇಕು ಅಂದಿದ್ದೆ. ನಿಯಮಾನೂ ಅದೇ."

ಎಲೆಕ್ಟ್ರಿಷಿಯನ್ ಸುಳ್ಳು ಹೇಳಲಿಲ್ಲ.

"ನಮ್ಮ ಮಾವನ ಹತ್ರಾನೂ ರೇಡಿಯೋ ಇದೆ ಸಾರ್. ನಿನ್ನೆ ಅವರ ಮನೇಲಿ ನೆಂಟ್ರೆಲ್ಲ ಸೇರಿದ್ರು. ಷಡ್ಡಕ ಯಾವಾಗ್ಲೂ ನನ್ನ 'ಬಲ್ಬ್ ಹಾಕೋನು' ಅಂತ ಆಡ್ಕೋತಾನೆ. ನನ್ನ ತಂತೀಲಿ ಬರೀ ಗೊರಗೊರ ಸದ್ದು. ಅದಕ್ಕೆ ಒಂದರ್ಧ ಗಂಟೆ ಇದನ್ನ ಬಿಚ್ಚಿ ನನ್ನ ರೇಡಿಯೋಗೆ ಹಾಕ್ಕೊಂಡು..."

"ವಾಪಸ್ ಹಾಕೋವಾಗ ಏನಾದ್ರೂ ಕಾಣಿಸ್ತಾ?"

"ದೂರದಲ್ಲಿ ಯಾರೋ ಬೀಸಿದ ಹಾಗೆ ಒಂದು ದೀಪ ಆಡ್ತಿತ್ತು."

"ಯಾರಿಗಾದ್ರೂ ಹೇಳಿದ್ಯಾ?"

"ಹೇಳಿದ್ರೆ, ನೀನು ಮೇಲೆ ಯಾಕೆ ಹೋಗಿದ್ದೆ ಅಂತ ಕೇಳ್ತಿದ್ರು."

ಕಾನ್‌ಸ್ಟೆಬಲ್ ಮುಖ ತಿರುಗಿಸಿಕೊಂಡ.

ಮಧ್ಯಾಹ್ನ ಬಂಧನವಾಯಿತು. ಮನೆಯವರಿಗೆ ತಿಳಿಸಲೇಬೇಕು. ಹೆಂಡತಿ ತವರಿನಲ್ಲಿದ್ದಳು, ಇದ್ದದ್ದು ಮಾವನ ನಂಬರೊಂದೇ. "ಅಲ್ಲಿಗೆ ಬೇಡ ಸಾರ್, ಕೈ ಮುಗೀತೀನಿ," ಎಂದು ಎಲೆಕ್ಟ್ರಿಷಿಯನ್ ಅಂಗಲಾಚಿದ. ಇನ್ಸ್‌ಪೆಕ್ಟರ್ ಠಾಣೆಯ ಫೋನಿನ ಸ್ಪೀಕರ್ ಹಾಕಿದರು.

"ನಿಮ್ಮ ಅಳಿಯನ ವಿಷಯ ಮಾತಾಡ್ಬೇಕಿತ್ತು."

"ಓ, ಹಡಗಿನವರಾ?" ಮುದುಕರ ದನಿ ಅರಳಿತು. "ನಿನ್ನೆ ನೀವು ಕೇಳ್ಬೇಕಿತ್ತು ಸ್ವಾಮಿ! ಪಕ್ಕದ ಕೋಣೇಲಿ ಕೂತು ಮಾತಾಡ್ದಂಗಿತ್ತು. ದೊಡ್ಡ ಅಳಿಯ ಬಾಯಿ ಮುಚ್ಕೊಂಡು ಕೂತುಬಿಟ್ಟ!"

ಎದುರಿನ ಬೆಂಚಿನಲ್ಲಿ, ತಮ್ಮನ ಸುದ್ದಿಗಾಗಿ ಕಾಯುತ್ತಿದ್ದ ಮೀನುಗಾರ ತಲೆಯೆತ್ತಿ ನೋಡಿದ.