ಕಾಣೆಯಾದ ಮೂರನೆಯ ದಿನ

ಪರದೆಯ ಮೇಲೆ ಬರೀ ಬಿಳಿ ಚೌಕ ಬಿತ್ತು. ಬಸವಂತಪ್ಪನವರು ಮತ್ತೆ ಪ್ರೊಜೆಕ್ಟರಿನ ಗುಂಡಿ ಒತ್ತಿದರು. ಟಕ್ — ಬಿಳಿ. ಮತ್ತೊಮ್ಮೆ ಟಕ್ — ಅದೂ ಬಿಳಿ.

"ಅವತ್ತು ತುಂಬಾ ಮಂಜಿತ್ತಾ ಸಾರ್?" ಹಿಂದಿನ ಸಾಲಿನಿಂದ ಯಾರೋ ವಿಚಾರಿಸಿದರು.

ದೀಪ ಹಾಕಿ ನೋಡಿದರೆ, ದಿನಕ್ಕೆ ಹದಿನೆಂಟು ಫೋಟೋ ಸ್ಲೈಡುಗಳನ್ನು ಆರಿಸಿ ಜೋಡಿಸಿದ ದುಂಡನೆಯ ತಟ್ಟೆಯಲ್ಲಿ ಮೂವತ್ತೇಳರಿಂದ ಐವತ್ತನಾಲ್ಕರವರೆಗೆ ಹದಿನೆಂಟು ಖಾನೆಗಳೂ ಖಾಲಿ. ಮೊದಲ ಎರಡು ದಿನದ ಸ್ಲೈಡುಗಳಿವೆ, ನಾಲ್ಕನೆಯ ದಿನದವೂ ಇವೆ. ಮೂರನೆಯ ದಿನ ಪೂರ್ತಿ ಮಾಯ.

"ಯಾರೋ ತಗದಾರ," ಎಂದರು ಬಸವಂತಪ್ಪನವರು. ಕುರ್ಚಿಯಲ್ಲಿ ಕುಸಿದು ಕೂತರು.

೧೯೯೬ರ ಆಗಸ್ಟ್ ತಿಂಗಳ ಶನಿವಾರ, ಅಮೆರಿಕದ ಜರ್ಮನ್‌ಟೌನಿನ ಅಪಾರ್ಟ್‌ಮೆಂಟ್ ಸಂಕೀರ್ಣದ ಸಭಾಕೋಣೆ. 'ಮಧ್ಯಾಹ್ನ ಮೂರಕ್ಕೆ ಬಾತ್, ಎಲ್ಲರೂ ಬನ್ನಿ' ಎಂಬ ಕನ್ನಡ ಕೂಟದ ಚೀಟಿಯನ್ನು ನಂಬಿ ನಲವತ್ತು ಜನ ಸೇರಿದ್ದರು. ಅರ್ಧ ಜನ ವಾಂಗೀಬಾತ್ ಇರಬಹುದೆಂದು ಮನೆಯಲ್ಲಿ ಉಣ್ಣದೆ ಬಂದವರು. ಇದು ಇಂಗ್ಲೆಂಡಿನ ಬಾತ್ ಎಂಬ ಊರು, ಬಿಸಿನೀರಿನ ಬುಗ್ಗೆಗೂ ರೋಮನರ ಕಾಲದ ಸ್ನಾನಗೃಹಕ್ಕೂ ಹೆಸರಾದದ್ದು ಎಂದು ತಿಳಿಯುವ ಹೊತ್ತಿಗೆ ಬಾಗಿಲು ಮುಚ್ಚಿ ಕತ್ತಲೆ ಮಾಡಿಯಾಗಿತ್ತು.

ಆ ಊರಿಗೆ ಜುಲೈನಲ್ಲಿ ಹೋಗಿದ್ದವರು ನಾಲ್ವರು. ಸೇತುವೆಗಳ ಎಂಜಿನಿಯರ್, ಧಾರವಾಡದ ಬಸವಂತಪ್ಪನವರು. ಅವರ ಹೆಂಡತಿ ರೇಣುಕಾದೇವಿ. ಹತ್ತು ವರ್ಷದಿಂದ ಅವರ ಪಕ್ಕದ ಮನೆಯವನಾದ ಮೈಸೂರಿನ ಕೃಷ್ಣಪ್ರಸಾದ, ಅವನ ಹೆಂಡತಿ ಶೈಲಜಾ. ಕಾಣೆಯಾದ ಮೂರನೆಯ ದಿನವೇ ಅವರು ಅತಿ ಹೆಚ್ಚು ನೋಡಿದ್ದು — ಅರ್ಧಚಂದ್ರಾಕಾರದ ಬೀದಿಯ ಹಳೆಯ ಸಿರಿವಂತರ ಮನೆ, ಇನ್ನೂರು ವರ್ಷದ ಉಡುಪುಗಳ ಮ್ಯೂಸಿಯಂ, ಯುರೇನಸ್ ಗ್ರಹವನ್ನು ಕಂಡುಹಿಡಿದ ಖಗೋಳಜ್ಞನ ಮನೆ ಮತ್ತು ಹಿತ್ತಲು.

ಕೂಟದ ಕಾರ್ಯದರ್ಶಿ ಬದರಿನಾಥ ಮುಂದೆ ಬಂದ. ಅಧಿಕಾರ ಚಲಾಯಿಸಲು ಇಷ್ಟು ಒಳ್ಳೆಯ ಅವಕಾಶ ಅವನಿಗೆ ಹಿಂದೆಂದೂ ಸಿಕ್ಕಿರಲಿಲ್ಲ.

"ಈ ಟ್ರೇ ಇಲ್ಲಿಗೆ ಯಾರ ಕಾರಲ್ಲಿ ಬಂತು?"

"ನನ್ನ ಕಾರಲ್ಲಿ," ಎಂದ ಕೃಷ್ಣಪ್ರಸಾದ. "ಅವರ ಕಾರಲ್ಲಿ ಕುರ್ಚಿ ತುಂಬಿತ್ತು."

"ನೇರ ಬಂದ್ರಾ?"

"ದಾರೀಲಿ ಬಂಕಲ್ಲಿ ಗ್ಯಾಸ್ ಹಾಕಿಸ್ಕೊಂಡೆ."

"ಎಷ್ಟು ಹೊತ್ತು?"

"ಇಪ್ಪತ್ತು ನಿಮಿಷ."

"ಇಪ್ಪತ್ತು ನಿಮಿಷ ಗ್ಯಾಸ್ ಹಾಕಿಸಿದ್ರಾ? ಕಾರಿಗಾ, ಏರೋಪ್ಲೇನಿಗಾ?"

ಕೃಷ್ಣಪ್ರಸಾದ ಬೆವೆತ. ಶೈಲಜಾ ಅವನನ್ನೇ ನೋಡುತ್ತಿದ್ದಳು. ಅವನು ಕಾಲ ಬಳಿಯಿದ್ದ ಬ್ಯಾಗನ್ನು ಕುರ್ಚಿಯ ಕೆಳಗೆ ತಳ್ಳಿದ.

"ಆ ಮೂರನೇ ದಿನ ಮ್ಯೂಸಿಯಮ್ಮಿನ ಬೆಂಚಿನ ಮೇಲೆ ನೀವು ಬಾಯಿ ತೆರೆದು ನಿದ್ದೆ ಮಾಡಿದ ಫೋಟೋ ಇದೆಯಂತಲ್ಲ?" ಬದರಿನಾಥ ಬಿಡಲಿಲ್ಲ. "ಅದನ್ನ ತೋರಿಸ್ಬೇಡಿ ಅಂತ ಹೇಳಿದ್ರಂತೆ. ನಿಜಾನಾ?"

"ಹೇಳಿದ್ದೆ. ಆದ್ರೆ—"

"ನಿಮ್ಮ ಬ್ಯಾಗ್ ಚೆಕ್ ಮಾಡಬಹುದಾ?"

ಕೃಷ್ಣಪ್ರಸಾದ ಬಸವಂತಪ್ಪನವರ ಕಡೆ ತಿರುಗಿದ. ಅವನು ಅಂಥವನಲ್ಲ ಎಂಬ ಒಂದು ಮಾತು ಅವರ ಬಾಯಿಂದ ಬಂದರೆ ಸಾಕಿತ್ತು. ಅವರು ತಮ್ಮ ಬೂಟಿನ ತುದಿಯನ್ನು ದಿಟ್ಟಿಸುತ್ತ ಕೂತಿದ್ದರು. ಹತ್ತು ಚಳಿಗಾಲ ಒಬ್ಬರ ಅಂಗಳದ ಹಿಮವನ್ನು ಇನ್ನೊಬ್ಬರು ಬಾಚಿದವರು. ಕೃಷ್ಣಪ್ರಸಾದ ಬ್ಯಾಗನ್ನು ಎಳೆದು ಬದರಿನಾಥನ ಮುಂದಿಟ್ಟ.

ಬ್ಯಾಗಿನಲ್ಲಿ ಸ್ಲೈಡುಗಳಿರಲಿಲ್ಲ. ಇದ್ದದ್ದು ಉದ್ದದ ಒಂದು ವಿದ್ಯುತ್ ತಂತಿ ಮತ್ತು ಸಕ್ಕರೆ ಮೆತ್ತಿದ ಅರ್ಧ ಡೋನಟ್.

"ಡೋನಟ್?" ಎಂದಳು ಶೈಲಜಾ ಮೆಲ್ಲಗೆ. "ಡಾಕ್ಟರು ಸಕ್ಕರೆ ಮುಟ್ಟಬೇಡಿ ಅಂದು ಒಂದು ವಾರ ಆಗಿಲ್ಲ."

ಇಪ್ಪತ್ತು ನಿಮಿಷದ ರಹಸ್ಯ ಬಯಲಾಯಿತು. ಆದರೆ ಬದರಿನಾಥ ಸೋಲಲಿಲ್ಲ. "ಸ್ಲೈಡನ್ನ ದಾರೀಲಿ ಎಸೆದಿರಬಹುದು," ಎಂದ.

ಆಗ ಕಿಟಕಿಯ ಬಳಿ ಕೂತಿದ್ದ ಶ್ರೀದೇವಿ ಎದ್ದಳು. ಹತ್ತಿರದ ಪ್ರಯೋಗಾಲಯವೊಂದರಲ್ಲಿ ಅವಳ ಕೆಲಸ. ಸೂಕ್ಷ್ಮದರ್ಶಕದ ಕೆಳಗೆ ದಿನವಿಡೀ ಜೀವಕೋಶ ಎಣಿಸುವುದು. ಯುಗಾದಿಯ ದಿನ ಅದಲುಬದಲಾದ ಹನ್ನೊಂದು ಜೋಡಿ ಚಪ್ಪಲಿಗಳ ಒಡೆಯರನ್ನು ಸವೆತ ನೋಡಿಯೇ ಪತ್ತೆ ಹಚ್ಚಿದವಳು.

"ಒಂದೆರಡು ಪ್ರಶ್ನೆ ಕೇಳ್ಲಾ?" ಎಂದಳು. "ರೇಣುಕಾ ಆಂಟಿ, ಆ ದಿನ ಫೋಟೋ ತೆಗೆದದ್ದು ಯಾರು?"

"ಇವರ ಒಬ್ಬರ. ಬ್ಯಾರೇದವರು ಕ್ಯಾಮೆರಾ ಮುಟ್ಟಾಂಗಿರಲಿಲ್ಲ."

"ಕೃಷ್ಣಪ್ರಸಾದ್ ಅಂಕಲ್, ನಿಮ್ಮ ಹತ್ರ ಕ್ಯಾಮೆರಾ ಇರಲಿಲ್ವಾ?"

"ಇತ್ತು. ಇಬ್ಬರದು ಯಾಕೆ, ನಂದೊಂದೇ ಸಾಕು ಅಂದ್ರು. ಮನೇಲೇ ಬಿಟ್ಟೆ."

"ಶೈಲಜಾ ಆಂಟಿ, ಮ್ಯೂಸಿಯಂ ಹೇಗಿತ್ತು?"

ಶೈಲಜಾ ಯೋಚಿಸಿದಳು. "ನಾನು ನೋಡಿದ್ದು ಕಡಿಮೆ ಕಣೇ. 'ಗಾಜಿನ ಪೆಟ್ಟಿಗೆಗೆ ಬೆನ್ನು ಹಾಕಿ ನಿಲ್ರಿ, ಎಡಕ್ಕ ಸರೀರಿ, ಇನ್ನಷ್ಟು' — ಹೀಗೇ ದಿನ ಮುಗೀತು. ಒಳಗಡೆ ಏನಿತ್ತು ಅಂತ ಫೋಟೋದಲ್ಲಿ ನೋಡ್ಕೋಬಹುದು ಅಂದ್ಕೊಂಡಿದ್ದೆ."

"ಆ ದಿನ ಎಷ್ಟು ಸಲ ರೀಲು ಬದಲಾಯಿಸಿದ್ರು?"

"ಬದಲಾಯಿಸಲೇ ಇಲ್ಲ," ಎಂದ ಕೃಷ್ಣಪ್ರಸಾದ. ಆ ಸಂಜೆಯ ನೆನಪಿಗೆ, ಬೇಡವೆಂದರೂ ಅವನ ಮುಖದಲ್ಲಿ ನಗೆ ಮೂಡಿತು. "ಒಂದೇ ರೀಲು. ಮೂವತ್ತಾರರ ರೀಲಲ್ಲಿ ನಲವತ್ತೊಂದು ಫೋಟೋ ತೆಗ್ದೀನಿ, ಇನ್ನೂ ಓಡ್ತಾ ಇದೆ ಅಂತ ಟೀ ಕುಡಿಯುವಾಗ ಹೆಮ್ಮೆಪಟ್ಟಿದ್ದರು. ನಾವೆಲ್ಲ ಅಭಿನಂದಿಸಿದ್ವಿ."

ಬಸವಂತಪ್ಪನವರ ಬೂಟಿನ ತುದಿ ಅಲುಗಾಡಿತು.

"ಕೊನೇ ಪ್ರಶ್ನೆ," ಶ್ರೀದೇವಿ ಅವರ ಕಡೆ ತಿರುಗಿದಳು. "ಅಂಕಲ್, ಡೆವಲಪ್ ಮಾಡಿದವರು ಒಂದೊಂದು ರೀಲಿನ ಸ್ಲೈಡನ್ನ ಒಂದೊಂದು ಪ್ಲಾಸ್ಟಿಕ್ ಡಬ್ಬೀಲಿ ಕೊಡ್ತಾರೆ. ದಿನಕ್ಕೊಂದು ರೀಲು ಅಂದ್ರೂ ನಾಲ್ಕು ದಿನಕ್ಕೆ ನಾಲ್ಕು ಡಬ್ಬಿ ಇರಬೇಕಲ್ಲ?"

"ಮೂರ ಅದಾವು," ಎಂದರು ರೇಣುಕಾದೇವಿ, ಗಂಡ ಬಾಯಿ ತೆರೆಯುವ ಮೊದಲೇ. "ನಾ ಅದರಾಗ ಸಾಸಿವಿ, ಜೀರಗಿ, ಮೆಂತ್ಯ ಹಾಕಿಟ್ಟೀನಿ."

ಶ್ರೀದೇವಿ ತಲೆಯಾಡಿಸಿದಳು. "ಕಳ್ಳ ತಟ್ಟೆಯಿಂದ ಸ್ಲೈಡ್ ಕದೀಬಹುದು. ಮನೆಯಲ್ಲಿದ್ದ ಖಾಲಿ ಡಬ್ಬೀನ ಯಾಕೆ ಕದೀತಾನೆ? ಅಂದ್ರೆ ನಾಲ್ಕನೇ ಡಬ್ಬಿ ಬಂದೇ ಇಲ್ಲ. ಯಾಕೆ ಬರಲಿಲ್ಲ? ಮೂವತ್ತಾರರ ರೀಲು ಮೂವತ್ತೇಳು, ಮೂವತ್ತೆಂಟಕ್ಕೆ ಬಿಗಿಯಾಗಿ ನಿಂತುಬಿಡುತ್ತೆ. ನಲವತ್ತೊಂದರವರೆಗೆ ಹಗುರಾಗಿ ಓಡಿದೆ ಅಂದ್ರೆ ರೀಲಿನ ತುದಿ ಕ್ಯಾಮೆರಾ ಒಳಗಿನ ಹಲ್ಲುಚಕ್ರಕ್ಕೆ ಸಿಕ್ಕೇ ಇರಲಿಲ್ಲ. ಎಣಿಕೆಯ ಮುಳ್ಳು ಓಡ್ತಿತ್ತು, ರೀಲು ಅಲ್ಲೇ ಕೂತಿತ್ತು. ಆ ದಿನ ಒಂದು ಫೋಟೋನೂ ಬಿದ್ದಿಲ್ಲ. ಇಲ್ಲದ ಸ್ಲೈಡನ್ನ ಯಾರೂ ಕದ್ದಿಲ್ಲ. ಕಳುವಾಯ್ತು ಅಂತ ಹೇಳಿದವರು ಮಾತ್ರ ಒಬ್ಬರಿದ್ದಾರೆ — ಬಸವಂತಪ್ಪ ಅಂಕಲ್."

ಬದರಿನಾಥ ಕೈಯಲ್ಲಿದ್ದ ಡೋನಟ್ಟನ್ನು ಎಲ್ಲಿಡುವುದೆಂದು ತಿಳಿಯದೆ ನಿಂತ.

"ಡೆವಲಪ್ ಮಾಡಿದವರು ಬರೇ ಕಪ್ಪನೆ ರೀಲು ವಾಪಸ್ ಕೊಟ್ಟರು," ಎಂದರು ಬಸವಂತಪ್ಪನವರು ಕೊನೆಗೆ. "ಮೂರು ಮಂದಿನ್ನ ಮುಂಜಾನಿಂದ ಸಂಜೀತನಕ ನಿಂದ್ರಿಸಿ ಕಾಡೀನಿ. ಯಾವ ಮಾರಿ ಇಟ್ಕೊಂಡು ಹೇಳಲಿ? ನಾ ಯಾರ ಹೆಸರೂ ಹೇಳಲಿಲ್ಲ ನೋಡಪಾ ಕೃಷ್ಣಪ್ರಸಾದ."

"ಹೇಳಲಿಲ್ಲ," ಎಂದ ಕೃಷ್ಣಪ್ರಸಾದ. "ಬದರಿ ನನ್ನ ಬ್ಯಾಗ್ ಬಿಚ್ಚುವಾಗ, ಬೇಡ ಅಂತಾನೂ ಹೇಳಲಿಲ್ಲ."

ಬಸವಂತಪ್ಪನವರ ಕಣ್ಣು ತುಂಬಿತು. ಅವರು ಎದ್ದು ನಿಂತು, ನಲವತ್ತು ಜನರ ಎದುರು ಕೈ ಮುಗಿದರು. "ತಪ್ಪಾತು. ಖರೇ ಕಳ್ಳ ನಾನ."

ಕೃಷ್ಣಪ್ರಸಾದನಿಗೆ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಆದರೂ ಆ ದೊಡ್ಡ ಮನುಷ್ಯ ಹಾಗೆ ನಿಂತಿರುವುದನ್ನು ನೋಡಲಾಗಲಿಲ್ಲ. ದೀಪ ಆರಿಸಿ, ಪ್ರೊಜೆಕ್ಟರಿನ ಪಕ್ಕದಲ್ಲಿ ಹೋಗಿ ನಿಂತ. ರಿಮೋಟಿನ ಗುಂಡಿ ಒತ್ತಿದ. ಬಿಳಿ ಚೌಕ.

"ಇದು ಖಗೋಳಜ್ಞನ ಹಿತ್ತಲು," ಎಂದ. "ನಮ್ಮ ಪಾರ್ಕಿಂಗಿಗಿಂತ ಚಿಕ್ಕದು. ಇಲ್ಲಿ ನಿಂತೇ ಅಷ್ಟು ದೂರದ ಗ್ರಹ ನೋಡಿದ್ದು. ನಾವು ಅಲ್ಲಿ ನೋಡಿದ್ದು ಬಸವಂತಪ್ಪನವರ ಕ್ಯಾಮೆರಾ."

ಜನ ನಕ್ಕರು. ಟಕ್ — ಮತ್ತೊಂದು ಬಿಳಿ ಚೌಕ.

"ಬೆಂಚಿನ ಮೇಲೆ ಮಲಗಿರೋದು ನಾನು. ಗೊರಕೆ ಫೋಟೋದಲ್ಲಿ ಕೇಳಿಸಲ್ಲ."

ಶೈಲಜಾ ಎದ್ದು ಬಂದು ಅವನ ಕೈಯಿಂದ ರಿಮೋಟ್ ತೆಗೆದುಕೊಂಡಳು. "ಮುಂದಿಂದು ನಾನು ಹೇಳ್ತೀನಿ. ಉಡುಪಿನ ಮ್ಯೂಸಿಯಮ್ಮಲ್ಲಿ, ಬಸವಂತಪ್ಪನವರು ಲೆನ್ಸ್ ಒರೆಸುವಾಗ ಒಂದೇ ಒಂದು ಸಲ ಹಿಂದೆ ತಿರುಗಿ ನೋಡಿದ್ದೆ. ಹಳದಿ ರೇಷ್ಮೆಯ ಗೌನು. ತೋಳಿನ ಹತ್ರ ಯಾರೋ ಹರಿದದ್ದನ್ನ ಸಣ್ಣಗೆ ಹೊಲಿದಿದ್ದರು."

ಅವಳು ಹೇಳುತ್ತಲೇ ಹೋದಳು. ಊಟವಿಲ್ಲದೆ ಬಂದಿದ್ದವರೂ ಕದಲಲಿಲ್ಲ. ಬಸವಂತಪ್ಪನವರು ಎರಡನೆಯ ಸಾಲಿನಲ್ಲಿ ಕೂತು, ಕುತ್ತಿಗೆ ಉದ್ದ ಮಾಡಿ, ಆ ಬಿಳಿ ಚೌಕವನ್ನು ಮೊದಲ ಬಾರಿಗೆ ನೋಡುವವರಂತೆ ನೋಡುತ್ತಿದ್ದರು.