ಮೀಟರಪ್ಪನ ಹಣ್ಣಿನ ಕಂಟೇನರ್

ಮೀಟರಪ್ಪ ಸಾಯಬೇಕು ಎಂದು ಲಾರಿ ಯಾರ್ಡಿನ ಮೇಸ್ತ್ರಿ ತೀರ್ಮಾನಿಸಿದ್ದು ಸಿಟ್ಟಿನ ಭರದಲ್ಲಲ್ಲ. ಸಿಟ್ಟು ಬಂದು ಹೋಗಿತ್ತು, ಅಳುವೂ ಬಂದು ಹೋಗಿತ್ತು. ಎಲ್ಲ ಮುಗಿದು ಮನಸ್ಸು ಗುಡಿಸಿಟ್ಟ ಕೋಣೆಯ ಹಾಗೆ ಖಾಲಿಯಾದ ಮೇಲೆ, ಒಂದು ಬೆಳಿಗ್ಗೆ ಹಲ್ಲುಜ್ಜುತ್ತಾ ನಿಂತಿದ್ದಾಗ ದಾರಿ ಹೊಳೆಯಿತು. ಬಾಯಿ ಮುಕ್ಕಳಿಸಿ ಉಗಿದು, ಇಷ್ಟು ಸಲೀಸಾದದ್ದು ಇಷ್ಟು ದಿನ ತಲೆಗೆ ಯಾಕೆ ಹೋಗಲಿಲ್ಲ ಎಂದು ತನ್ನನ್ನೇ ಬೈದುಕೊಂಡ.

ಮೀಟರಪ್ಪ ಎಂದರೆ ಯಜಮಾನ. ಬಂದರಿನಿಂದ ಕಂಟೇನರುಗಳನ್ನು ಎತ್ತಿ ಊರೂರಿಗೆ ಮುಟ್ಟಿಸುವ ಸಣ್ಣ ಲಾರಿ ಕಂಪನಿಯ ಒಡೆಯ. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನವರಿಗೆ ಮಾತ್ರ ಗೊತ್ತು, ಡ್ರೈವರುಗಳಿಗೆಲ್ಲ ಅವನು ಮೀಟರಪ್ಪನೇ. ಯಾರು ಎಲ್ಲಿ ಒಂದು ಗಳಿಗೆ ನಿಂತರೂ "ಮೀಟರ್ ಓಡ್ತಿದೆ ಕಣ್ರಯ್ಯಾ" ಎನ್ನುವುದು ಅವನ ರೂಢಿ. ಹಾಗನ್ನಲು ಕಾರಣವೂ ಇತ್ತು ಅನ್ನಿ. ಕಂಟೇನರ್ ವ್ಯಾಪಾರದಲ್ಲಿ ನಿಂತದ್ದಕ್ಕೆಲ್ಲ ದುಡ್ಡು. ಹಡಗಿನಿಂದ ಇಳಿದ ಕಂಟೇನರ್ ಬಂದರಿನಲ್ಲಿ ನಾಲ್ಕಾರು ದಿನ ಪುಕ್ಕಟೆ ಕೂರಬಹುದು, ಆಮೇಲೆ ದಿನಕ್ಕಿಷ್ಟು ಎಂದು ದಂಡ. ಲಾರಿ ಗಿರಾಕಿಯ ಬಾಗಿಲಲ್ಲಿ ನಿಂತರೆ ವೇಟಿಂಗ್ ಚಾರ್ಜು. ಕಂಟೇನರನ್ನು ಕೂರಿಸುವ ಟ್ರೇಲರ್, ಅಂದರೆ ಲಾರಿಯ ಹಿಂದೆ ಸಿಗಿಸುವ ಆ ಚಕ್ರದ ಚೌಕಟ್ಟು, ಬೇಕೆಂದಾಗ ಸಿಗದಿದ್ದರೆ ಅದರ ಬಾಡಿಗೆ ಬೇರೆ. ಇವನ್ನೆಲ್ಲ ಒಬ್ಬರಿಂದ ಒಬ್ಬರ ತಲೆಗೆ ದಾಟಿಸುವುದೇ ಈ ಕಸುಬಿನ ಜಾಣತನ. ಮೀಟರಪ್ಪ ಅದರಲ್ಲಿ ಪಳಗಿದವನು. ಕೊನೆಗೆ ಅವನು ದಾಟಿಸಿದ್ದು ಮೇಸ್ತ್ರಿಯ ಮಗನ ತಲೆಗೆ.

ಮಗ ಅದೇ ಕಂಪನಿಯಲ್ಲಿ ಡ್ರೈವರ್. ಟ್ರೇಲರಿನ ನಾಲ್ಕು ಮೂಲೆಗಳಲ್ಲಿ ಕಂಟೇನರನ್ನು ಕಚ್ಚಿ ಹಿಡಿಯುವ ಲಾಕುಗಳಿರುತ್ತವೆ. ಅವು ಸವೆದಿವೆ, ಬದಲಾಯಿಸಿ ಎಂದು ಮೇಸ್ತ್ರಿ ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದ. "ಇನ್ನೊಂದು ತಿಂಗಳು ಓಡ್ಲಿ ಬಿಡಿ" ಎನ್ನುತ್ತಲೇ ಮೀಟರಪ್ಪ ವರ್ಷ ತಳ್ಳಿದ. ಒಂದು ಮಧ್ಯಾಹ್ನ ಸೇತುವೆಯ ತಿರುವಿನಲ್ಲಿ ಕಂಟೇನರ್ ಮಗುಚಿ, ದಾರಿಯ ಪಕ್ಕ ಸೈಕಲ್ ರಿಪೇರಿ ಮಾಡುತ್ತಿದ್ದವನ ಕಾಲು ಹೋಯಿತು. ಅವತ್ತು ಸಂಜೆ ಮೀಟರಪ್ಪ ಹುಡುಗನ ಹೆಗಲ ಮೇಲೆ ಕೈ ಹಾಕಿ, "ಲಾಕ್ ಹಾಕೋದು ಮರೆತೆ ಅಂತ ಇನ್ಶೂರೆನ್ಸ್‌ನವರ ಮುಂದೆ ಹೇಳಿಬಿಡಪ್ಪಾ, ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದ. ಹುಡುಗ ಹೇಳಿದ. ಅಲ್ಲಿಗೆ ಅವನ ಜುಟ್ಟು ಯಜಮಾನನ ಕೈಗೆ ಸಿಕ್ಕಿತು. ಸಂಬಳ ಅರ್ಧಕ್ಕೆ ಇಳಿಯಿತು. ಬೇರೆ ಕಡೆ ಕೆಲಸ ನೋಡಿಕೊಳ್ಳುತ್ತೇನೆ ಎಂದರೆ, "ಹೋಗು, ಬೇಡ ಅನ್ನೋನು ಯಾರು. ನಾನೂ ಒಂದ್ಸಲ ಸ್ಟೇಷನ್ನಿಗೆ ಹೋಗಿ ಬರ್ತೀನಿ" ಎಂಬ ಉತ್ತರ. ಗೊತ್ತಾಗಿದ್ದ ಮದುವೆ ಮುರಿಯಿತು.

"ಅವನು ನಗೋದೇ ಬಿಟ್ಟಿದ್ದಾನೆ ರೀ" ಎಂದಿದ್ದಳು ಹೆಂಡತಿ, ಒಗೆದ ಬಟ್ಟೆ ಹಿಂಡುತ್ತಾ. "ತಟ್ಟೆ ಮುಂದೆ ಕೂತ್ಕೋತಾನೆ, ಎದ್ದು ಹೋಗ್ತಾನೆ. ಅಷ್ಟು ವರ್ಷ ಅವರ ಹತ್ರ ದುಡಿದಿದ್ದೀರಿ, ಒಂದು ಮಾತು ಕೇಳೋಕಾಗಲ್ವಾ?"

"ಕೇಳ್ತೀನಿ" ಎಂದಿದ್ದ ಮೇಸ್ತ್ರಿ. ಕೇಳಿಯೂ ಇದ್ದ, ಒಂದು ಸಲವಲ್ಲ. ಕೈಮುಗಿದು ಕೇಳಿದ್ದ. ಮೀಟರಪ್ಪ ಗೋಡೆಯ ಗಡಿಯಾರ ನೋಡಿದ್ದ.

ಈಗ ಹೊಳೆದ ದಾರಿಯಲ್ಲಿ ಚಾಕುವಿಲ್ಲ, ವಿಷವಿಲ್ಲ, ಕೂಲಿಗೆ ಬರುವ ರೌಡಿಯಿಲ್ಲ. ಇದ್ದದ್ದು ಒಂದು ಹಣ್ಣಿನ ಕಂಟೇನರ್. ಹಣ್ಣು ಬರುವುದು ತಂಪು ಮಾಡುವ ಯಂತ್ರ ಇರುವ ಕಂಟೇನರಿನಲ್ಲಿ. ಈ ಯಾರ್ಡಿಗೆ ಅಂಥವು ಎಷ್ಟೋ ಬಂದಿವೆ. ಆದರೆ ಈ ಸಲದ್ದು ಹೊಸ ಬಗೆ. ಹಣ್ಣು ಮಾಗದಿರಲಿ ಎಂದು ಒಳಗಿನ ಗಾಳಿಯನ್ನೇ ತೆಗೆದು ಬೇರೆ ಗ್ಯಾಸ್ ತುಂಬಿರುತ್ತಾರೆ. ಬಾಗಿಲು ತೆಗೆದು, ಗಾಳಿಯಾಡಲು ಬಿಟ್ಟು, ಸಾಕಷ್ಟು ಹೊತ್ತು ಕಾದು ಆಮೇಲೆ ಒಳಗೆ ಕಾಲಿಡಬೇಕು. ಕಾಯದೆ ಹೋದವನಿಗೆ ಕೆಮ್ಮೂ ಬರುವುದಿಲ್ಲ, ಉಸಿರೂ ಕಟ್ಟಿದಂತೆ ಅನಿಸುವುದಿಲ್ಲ. ಎರಡು ಸಲ ಉಸಿರೆಳೆದು ಕುಸಿಯುತ್ತಾನೆ, ಅಷ್ಟೇ. ಹಡಗಿನ ಕಂಪನಿಯವರು ಇದನ್ನು ಮೇಸ್ತ್ರಿಗೆ ಫೋನಿನಲ್ಲೇ ವಿವರಿಸಿ, ಎಲ್ಲರಿಗೂ ತಿಳಿಸಿ ಎಂದಿದ್ದರು. ಆಗಲಿ ಎಂದಿದ್ದ. ಯಾರಿಗೂ ತಿಳಿಸಲಿಲ್ಲ. ಅವನು ಮಾಡಬೇಕಾದ ಅಪರಾಧದಲ್ಲಿ ಮುಕ್ಕಾಲು ಭಾಗ ಅಲ್ಲಿಗೇ ಮುಗಿದಿತ್ತು.

ಕಾಯುವುದು ಮೀಟರಪ್ಪನ ಜಾಯಮಾನದಲ್ಲೇ ಇಲ್ಲ. ಹಣ್ಣಿನ ಕಂಟೇನರ್ ಬಂದರೆ ಬಾಗಿಲಿನ ಚಿಲಕ ಎಳೆದ ಮರುಕ್ಷಣ ಟಾರ್ಚು ಹಿಡಿದು ಮೊದಲು ಒಳಗೆ ನುಗ್ಗುವವನು ಅವನೇ. ಆಳುಗಳು ಹೋದರೆ ಹಣ್ಣು ಕದಿಯುತ್ತಾರೆ ಎಂಬ ಅನುಮಾನ ಒಂದು, ಕೊಳೆತದ್ದು ಸಿಕ್ಕರೆ ಗಿರಾಕಿಗಿಂತ ಮುಂಚೆ ತನಗೆ ಗೊತ್ತಾಗಬೇಕೆಂಬ ಆತುರ ಇನ್ನೊಂದು. ಬಾಗಿಲ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಿರುತ್ತಾರೆ, ನಿಜ. ಅದನ್ನು ಮೇಸ್ತ್ರಿ ಕೀಳುವುದಿಲ್ಲ, ಮುಟ್ಟುವುದೂ ಇಲ್ಲ. ನಾಳೆ ಪೊಲೀಸರು ಬಂದು ನೋಡಿದಾಗ ಚೀಟಿ ಇದ್ದಲ್ಲೇ ಇರಬೇಕು. ಇಷ್ಟು ದೊಡ್ಡದಾಗಿ ಬರೆದಿದ್ದರೂ ಒಳಗೆ ಹೋದನಲ್ಲ ಮಹಾನುಭಾವ ಎಂದು ಅವರೇ ತಲೆ ಚಚ್ಚಿಕೊಳ್ಳಬೇಕು.

ಆದರೂ ಒಂದು ಅಳುಕಿತ್ತು. ಅವತ್ತೇ ಮೀಟರಪ್ಪನಿಗೆ ಪುರುಸೊತ್ತಿದ್ದು, ಗಿರಾಕಿಯ ಜೊತೆ ಹರಟುತ್ತಾ ನಿಂತುಬಿಟ್ಟರೆ? ಬಾಗಿಲು ತೆರೆದು ಗ್ಯಾಸೆಲ್ಲ ಹೊರಗೆ ಹೋದರೆ? ಹಾಗಾಗಬಾರದು. ಅವನ ಒಳಗಿನ ಮೀಟರ್ ಹುಚ್ಚೆದ್ದು ಓಡಬೇಕು. ಅದಕ್ಕೆ ಕಂಟೇನರ್ ಬಂದರಿನಲ್ಲಿ ಪುಕ್ಕಟೆ ದಿನಗಳು ದಾಟಿಯೂ ಕೂತಿರಬೇಕು, ದಂಡ ಏರಬೇಕು, ಹಣ್ಣು ಕೆಟ್ಟರೆ ನೀವೇ ಹೊಣೆ ಎಂದು ಗಿರಾಕಿ ಗಂಟಲು ಹರಿದುಕೊಳ್ಳಬೇಕು. ಕಂಟೇನರ್ ಕೂರಬೇಕಾದರೆ ಟ್ರೇಲರ್ ಸಿಗಬಾರದು. ಟ್ರೇಲರುಗಳನ್ನು ಎಲ್ಲಿಗೆ ಕಳಿಸಬೇಕು ಎಂದು ಹೇಳುವವನು ಮೇಸ್ತ್ರಿ.

ಒಂದನ್ನು ಬ್ರೇಕಿನ ದೂರು ಹೇಳಿ ವರ್ಕ್‌ಶಾಪಿಗೆ ತಳ್ಳಿದ. ಬ್ರೇಕು ನಿಜವಾಗಿಯೂ ಸರಿಯಿರಲಿಲ್ಲ, ಆ ಮಟ್ಟಿಗೆ ಅವನು ಪ್ರಾಮಾಣಿಕ. ಇನ್ನೊಂದನ್ನು ಮಾಲು ಇಳಿಸಲು ವಾರಗಟ್ಟಲೆ ಎಳೆಯುವ ಒಂದು ಗೋದಾಮಿಗೆ, ಎಳೆಯುತ್ತಾರೆ ಎಂದು ಗೊತ್ತಿದ್ದೇ ಕಳಿಸಿದ. ಉಳಿದದ್ದು ಒಂದೇ ಟ್ರೇಲರ್. ಅದನ್ನು ಮಗನಿಗೆ ಕೊಟ್ಟ. ಬಂದರಿನಿಂದ ಟೈಲ್ಸಿನ ಕಂಟೇನರ್ ಎತ್ತಿಕೊಂಡು, ಗುಡ್ಡದಾಚೆಯ ಊರಿನಲ್ಲಿ ಇಳಿಸಿ, ಮಾರನೆಯ ದಿನ ಬಾ ಎಂದ. ಎಲ್ಲಕ್ಕಿಂತ ಮುಖ್ಯವಾದ ಏರ್ಪಾಡು ಅದೇ. ಯಜಮಾನ ಬಿದ್ದ ಹೊತ್ತಿಗೆ ಹುಡುಗ ಯಾರ್ಡಿನ ಆಸುಪಾಸಿನಲ್ಲಿ ಇರಕೂಡದು. ಹಳೆಯ ಜಗಳ ನೆನಪಿಟ್ಟುಕೊಂಡು ಯಾರೂ ಅವನ ಕಡೆ ಬೆರಳು ತೋರಿಸಕೂಡದು. ದೂರ ಹೋಗುವವನಿಗೆ ಗ್ಯಾಸಿನ ವಿಷಯ ಹೇಳುವ ಅಗತ್ಯವೇ ಇರಲಿಲ್ಲ. ಹೇಳಿದ್ದರೆ ಅವನ ಮುಖ ನೋಡಿಯೇ ಜನ ಓದಿಕೊಳ್ಳುತ್ತಿದ್ದರು. ಸುಳ್ಳು ಹೇಳಲು ಬರದ ಹುಡುಗ, ಜೀವನದಲ್ಲಿ ಒಂದೇ ಒಂದು ಸುಳ್ಳು ಹೇಳಿದ್ದ, ಅದೂ ಇನ್ನೊಬ್ಬರಿಗಾಗಿ.

ವರ್ಕ್‌ಶಾಪಿನ ಟ್ರೇಲರ್ ಗುರುವಾರ ಸಿಗುತ್ತದೆ. ಅದಕ್ಕೆ ಹೊರಗಿನ ಬಾಡಿಗೆ ಲಾರಿ ಸಿಗಿಸಿ ಹಣ್ಣು ತರಿಸಬೇಕು. ಆ ಲಾರಿಯ ಡ್ರೈವರನ್ನೂ ಮೇಸ್ತ್ರಿ ಅಳೆದು ತೂಗಿಯೇ ಆರಿಸಿದ. ಭೂಮಿ ಬಿರಿದರೂ ಸೀಟು ಬಿಟ್ಟು ಕೆಳಗಿಳಿಯದ, ಹೊಟ್ಟೆಯ ಮೇಲೆ ಫೋನಿಟ್ಟುಕೊಂಡು ಮಲಗುವ ದಡೂತಿ ಆಸಾಮಿ. ಅವನು ಇಳಿಯುವುದಿಲ್ಲ, ಚಿಲಕ ತೆಗೆಯುವುದಿಲ್ಲ, ಸಂಬಂಧವಿಲ್ಲದ ಪ್ರಾಣಕ್ಕೆ ತೊಂದರೆಯಿಲ್ಲ. ಮೀಟರಪ್ಪನ ಹೆಂಡತಿಗೆ ವ್ಯಾಪಾರ ಬೇಡ, ತಿಂಗಳೊಪ್ಪತ್ತಿನಲ್ಲಿ ಲಾರಿಗಳನ್ನು ಮಾರಿ ಮಗಳ ಮನೆಗೆ ಹೋಗುತ್ತಾಳೆ. ಹಿಡಿದವನೇ ಹೋದ ಮೇಲೆ ಜುಟ್ಟು ತಾನಾಗಿಯೇ ಬಿಡುಗಡೆಯಾಗುತ್ತದೆ. ಮೇಸ್ತ್ರಿ ಇದನ್ನೆಲ್ಲ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ತಿರುವಿ ನೋಡಿದ. ಎಲ್ಲೂ ಒಂದು ಎಳೆ ಬಿಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಮಗ ಬೂಟಿನ ದಾರ ಕಟ್ಟುತ್ತಾ ಬಾಗಿಲಲ್ಲಿ ಕೂತಿದ್ದ.

"ಅಪ್ಪಾ, ನಾಳೆ ಬಂದ ಮೇಲೆ ನಿಮ್ಮ ಹತ್ರ ಒಂಚೂರು ಮಾತಾಡ್ಬೇಕು."

"ಏನೋ ಅದು, ಈಗಲೇ ಹೇಳು."

"ಏನಿಲ್ಲ. ಆ ಸೈಕಲ್ ಅಂಗಡಿಯವನ ಮನೆಗೆ ಹೋಗಿ ಬರೋಣ ಅಂತ. ನಿಜ ಹೇಳಿಬಿಡ್ತೀನಿ. ಜೈಲಾದ್ರೂ ಆಗ್ಲಿ, ಈ ಥರ ಇರೋಕೆ ಆಗಲ್ಲ."

"ಹೋಗೋಣಂತೆ. ನೀನು ಹುಷಾರಾಗಿ ಹೋಗಿ ಬಾ" ಎಂದ ಮೇಸ್ತ್ರಿ. ಮಗನ ತಲೆಗೂದಲಲ್ಲಿ ಕೈಯಾಡಿಸಬೇಕೆನಿಸಿತು. ಇಷ್ಟು ದೊಡ್ಡವನಿಗೆ ಹಾಗೆಲ್ಲ ಮಾಡಿ ಅಭ್ಯಾಸವಿರಲಿಲ್ಲ. ನಾಳೆಯ ಹೊತ್ತಿಗೆ ಎಲ್ಲ ಸರಿಹೋಗುತ್ತದೆ, ಆಗ ನಗುತ್ತಾನೆ ಎಂದುಕೊಂಡ.

ಅವನು ಹೊರಟ ಎಷ್ಟೋ ಹೊತ್ತಿನ ಮೇಲೆ ಮೇಸ್ತ್ರಿ ನಿಧಾನವಾಗಿ ಬಂದರಿನ ಕಚೇರಿಗೆ ಹೋದ. ದಂಡ ಕಡಿಮೆ ಮಾಡಿಸಿಕೊಳ್ಳಲು ಅಲ್ಲಿ ಗಂಟೆಗಟ್ಟಲೆ ವಾದ ಮಾಡುವುದು ಅವನಿಗೆ ಹೊಸದಲ್ಲ. ಕೌಂಟರಿನ ಹೆಂಗಸಿಗೆ ಅವನ ಮುಖ ನೋಡಿ ನೋಡಿ ಸಾಕಾಗಿತ್ತು. "ಬಂದ್ರಾ? ಕೂತ್ಕೊಳ್ಳಿ, ಇವತ್ತು ಬಾಯಿಗೆ ರಜಾ ಕೊಡಿ" ಎಂದಳು. ಅವನು ಕೂತ. ನಕ್ಕ. ಪಕ್ಕದವರನ್ನು ಮಾತಾಡಿಸಿದ. ನಾಳೆ ಯಾರಾದರೂ ಕೇಳಿದರೆ, ಮೇಸ್ತ್ರಿ ಇಡೀ ಬೆಳಿಗ್ಗೆ ಇಲ್ಲೇ ಇದ್ದ ಎನ್ನಲು ಹತ್ತು ಬಾಯಿಗಳು ಸಿದ್ಧವಾದವು.

ಮಧ್ಯಾಹ್ನದ ಊಟದ ಹೊತ್ತಿಗೆ ಫೋನ್ ಬಂತು. ಯಜಮಾನರ ನಂಬರು. ಮೇಸ್ತ್ರಿಗೆ ಆಶ್ಚರ್ಯವಾಗಲಿಲ್ಲ. ಬಿದ್ದವನ ಜೇಬಿನಿಂದ ಫೋನ್ ತೆಗೆದು ಯಾರೋ ಮಾಡುತ್ತಿರಬೇಕು. ಮುಖವನ್ನು ಹದಕ್ಕೆ ತಂದುಕೊಂಡು, ಅಯ್ಯೋ ದೇವರೇ ಎನ್ನಲು ನಾಲಿಗೆ ಸರಿಮಾಡಿಕೊಂಡು ಕಿವಿಗಿಟ್ಟ.

"ಮೇಸ್ತ್ರಿ." ಮೀಟರಪ್ಪನ ದನಿಯೇ. "ಹುಡುಗ ಒಳಗೆ ಬಿದ್ದಿದ್ದಾನೆ. ಕರೆದ್ರೆ ಓಗೊಡ್ತಿಲ್ಲ."

"ಯಾವ ಹುಡುಗ?"

"ನಿಮ್ಮ ಹುಡುಗ ಕಣ್ರೀ. ಹಣ್ಣು ನೋಡೋಕೆ ನಾನೇ ಹತ್ತುತ್ತಿದ್ದೆ. ನಿಮಗೆ ಮಂಡಿ ನೋವು, ನೀವಿರಿ ಯಜಮಾನ್ರೇ, ನಾನು ನೋಡ್ತೀನಿ ಅಂತ ಟಾರ್ಚ್ ಇಸ್ಕೊಂಡು ಹೋದ. ನಾನು ಆ ಗಿರಾಕಿ ಜೊತೆ ಫೋನಲ್ಲಿ ಕಿತ್ತಾಡ್ತಾ ಆ ಕಡೆ ಹೋಗ್ಬಿಟ್ಟೆ. ಬಂದು ನೋಡಿದ್ರೆ ಹೀಗೆ. ತಡೀರಿ, ನಾನು ಹೋಗಿ ಎಳ್ಕೊಂಡು ಬರ್ತೀನಿ."

"ಹೋಗ್ಬೇಡಿ." ಮೇಸ್ತ್ರಿ ಎದ್ದು ನಿಂತಿದ್ದ. "ಒಳಗೆ ಗಾಳಿ ಇಲ್ಲ. ಹಣ್ಣಿಗೆ ಗ್ಯಾಸ್ ತುಂಬಿದ್ದಾರೆ, ಹೋದ್ರೆ ನೀವೂ ಬೀಳ್ತೀರಿ. ಎರಡೂ ಬಾಗಿಲು ತೆಗೀರಿ, ಕೊಕ್ಕೆ ಹಾಕಿ ಎಳೀರಿ ಅವನನ್ನ, ಬೇಗ ಎಳೀರಿ." ತಾನು ಕಿರುಚುತ್ತಿರುವುದು ಅವನಿಗೆ ಗೊತ್ತಾಗಲಿಲ್ಲ. ಕೌಂಟರಿನ ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಆ ಕಡೆ ಕಬ್ಬಿಣದ ಬಾಗಿಲು ಬಡಿದ ಸದ್ದು, ಓಡಾಟ, ಯಾರೋ ಯಾರನ್ನೋ ಕೂಗುವುದು. ಬಹಳ ಹೊತ್ತು ಹಾಗೆಯೇ ಕೇಳಿತು. ಆಮೇಲೆ ಒಬ್ಬ ಆಳು ಮೆಲ್ಲಗೆ, "ಇಲ್ಲ ಯಜಮಾನ್ರೇ, ಆಗೋಯ್ತು" ಎಂದದ್ದು ಕೇಳಿಸಿತು. ಮೀಟರಪ್ಪ ಮತ್ತೆ ಫೋನಿಗೆ ಬಂದ. ಅಳುತ್ತಿದ್ದ. ಅಳುವಿನ ಮಧ್ಯೆ ಥಟ್ಟನೆ ಸುಮ್ಮನಾಗಿ ಕೇಳಿದ, "ಗ್ಯಾಸ್ ವಿಷ್ಯ ನಿಮಗೆ ಮೊದಲೇ ಗೊತ್ತಿತ್ತಾ?"

ಮೇಸ್ತ್ರಿ ಫೋನನ್ನು ಕೌಂಟರಿನ ಮೇಲಿಟ್ಟ. ಅದರೊಳಗಿಂದ ಯಜಮಾನ ಅದನ್ನೇ ಮತ್ತೆ ಮತ್ತೆ ಕೇಳುತ್ತಿದ್ದ. "ಅವನು ಟೈಲ್ಸ್ ತಗೊಂಡು ಗುಡ್ಡದಾಚೆ ಹೋಗಬೇಕಿತ್ತು" ಎಂದ ಮೇಸ್ತ್ರಿ, ಯಾರಿಗೆಂದಿಲ್ಲದೆ. ತನ್ನನ್ನೇ ಕೇಳಿದನೆಂದುಕೊಂಡು ಹೆಂಗಸು ಕಂಪ್ಯೂಟರ್ ನೋಡಿದಳು. ದನಿ ತಗ್ಗಿಸಿ, ಮಗುವಿಗೆ ಹೇಳುವಂತೆ ಹೇಳಿದಳು: "ಟೈಲ್ಸ್ ಇಲ್ಲೇ ಇದೆಯಲ್ಲ ಮೇಸ್ತ್ರಿ. ವರ್ಕ್‌ಶಾಪಿನ ಟ್ರೇಲರ್ ಬರೋವರೆಗೂ ಹಣ್ಣಿಗೆ ದಂಡ ಯಾಕೆ, ಇರೋ ಟ್ರೇಲರ್‌ನ ಹಣ್ಣಿಗೆ ಹಾಕಿ ಹುಡುಗನ್ನೇ ಕಳಿಸಿ, ಬಾಡಿಗೆ ಲಾರಿನೂ ಬೇಡ ಅಂತ ನಿಮ್ಮ ಯಜಮಾನ್ರು ಬೆಳಿಗ್ಗೇನೇ ಫೋನ್ ಮಾಡಿದ್ರು. ಟೈಲ್ಸಿಗೆ ಶನಿವಾರದವರೆಗೂ ಪುಕ್ಕಟೆ ಇದೆ."