ಈ ಸಲ ಚಹಾ ಅವ್ರೇ ತರ್ಲಿ

“ಈ ಸಲ ಚಹಾ ಅವ್ರೇ ತರ್ಲಿ,” ಎಂದಳು ಜಯಮಾಲಾ.

ಹುಮನಾಬಾದಿನ ಆ ಪಡಸಾಲೆಯಲ್ಲಿ ಎಲ್ಲರೂ ಅವಳತ್ತ ತಿರುಗಿದರು. ಬಸವಕಲ್ಯಾಣದಿಂದ ಧನರಾಜನ ಜೊತೆ ಕನ್ಯಾ ನೋಡಲು ಬಂದಿದ್ದ ಅವನ ಕಾಕಾ ಮಹಾರುದ್ರಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡರು.

“ಏ ಹುಡುಗಿ, ಹುಚ್ಚು ಹಿಡೀತೇನು?” ಅಡುಗೆಮನೆ ಬಾಗಿಲಿಂದ ಅವ್ವ ಮಾಣಿಕಮ್ಮ.

“ಮೂವತ್ತು ದಾಟ್ತವ್ವಾ, ಇನ್ನೂ ಹುಡುಗಿ ಅಂತೀಯಲ್ಲ.”

ಧನರಾಜ ಎದ್ದು ಒಳಗೆ ಹೋದ. ತಾಟು ಹಿಡಿದು ಬಂದಾಗ ಕಪ್ಪುಗಳು ಬಸಿಯ ಮೇಲೆ ಸಣ್ಣಗೆ ನಡುಗುತ್ತಿದ್ದವು. ಕಿವಿಯ ಪಕ್ಕ ಕೂದಲು ನರೆತಿತ್ತು. ಕಣ್ಣುಗಳು ಮಾತ್ರ ಮೊದಲ ಸಲ ಬಂದಾಗಿನ ಹಾಗೇ ಇದ್ದವು; ಅದೇ ಅವಳಿಗೆ ಹೆಚ್ಚು ಸಿಟ್ಟು ತರಿಸಿತು.

“ಸಕ್ರಿ ಸಾಕೇನ್ರಿ?”

“ನಿಮ್ಮ ಕೈ ನಡಗೋದ್ ನೋಡಿದ್ರನ ಸಾಕಾತು.”

ತೊಂಬತ್ತೇಳನೇ ಇಸವಿಯಲ್ಲಿ ಇದೇ ಪಡಸಾಲೆಗೆ ಚಹಾ ತಂದಾಗ ಅವಳ ಕೈ ನಡುಗಿತ್ತು. ಧನರಾಜ ಆಗ ಇಂಗ್ಲಿಷ್ ಲೆಕ್ಚರರ್ ಆಗಿದ್ದ ಹೊಸತು. ಫಾರಿನ್ನಿಗೆ ಹೋಗುತ್ತಾನೆಂದು ಎಲ್ಲರ ಬಾಯಲ್ಲಿ. ಅವನ ಅಣ್ಣನ ಹೆಂಡತಿ ಭುವನೇಶ್ವರಿ ಇಂಗ್ಲಿಷ್ ಪೇಪರ್ ಕೊಟ್ಟು “ಓದವಾ” ಅಂದಿದ್ದಳು. ಕನ್ನಡದಲ್ಲೇ ಓದಿದ ಹುಡುಗಿ ಎರಡನೇ ಸಾಲಿಗೇ ಬೆವತಿದ್ದಳು.

“ಈ ಮೂಕಿನ ಫಾರಿನ್ನಿಗೆ ಒಯ್ದು ಏನ್ಮಾಡೋದು?” ಎಂದು ಭುವನೇಶ್ವರಿ ನಕ್ಕಳು. ಧನರಾಜ ನಗಲಿಲ್ಲ. ಬಾಯೂ ಬಿಡಲಿಲ್ಲ.

“ತಿಳಿಸ್ತೀವ್ರಿ” ಎಂದು ಎದ್ದುಹೋದರು. ಒಲ್ಲೆ ಅನ್ನುವುದನ್ನು ನಮ್ಮ ಕಡೆ ಗಂಡಿನವರು ಹೇಳುವುದಿಲ್ಲ. ಹೆಣ್ಣಿನವರೇ ಕಾದು ಕಾದು ತಿಳಿದುಕೊಳ್ಳಬೇಕು. ಅವಳಿಗೆ ತಿಳಿಯಲು ಒಂದು ಮಳೆಗಾಲ ಹಿಡಿಯಿತು.

ಆ ಸಿಟ್ಟಿನ ಮೇಲೆ ಇಂಗ್ಲಿಷ್ ಕಲಿತಳು. ಗುಲ್ಬರ್ಗಾದಲ್ಲಿ ಎಂ.ಎ. ಮಾಡಿ, ಇಥಿಯೋಪಿಯಾದ ಒಂದು ಗುಡ್ಡದೂರಿಗೆ ಇಂಗ್ಲಿಷ್ ಟೀಚರಾಗಿ ಹೋದಳು. ಅಲ್ಲಿಯ ಭಾಷೆ ಒಂದಕ್ಷರ ಬರುತ್ತಿರಲಿಲ್ಲ. ಕ್ಲಾಸಿನಲ್ಲಿ ಮಕ್ಕಳು ತಮ್ಮತಮ್ಮಲ್ಲೇ ಏನೋ ಅಂದು ಬಿದ್ದುಬಿದ್ದು ನಗುತ್ತಿದ್ದರು. ಸಂತೆಯಲ್ಲಿ ಬೆರಳು ತೋರಿಸಿ ಉಳ್ಳಾಗಡ್ಡಿ ಕೊಂಡಳು. ಹಾಲಿಗಾಗಿ ಆಕಳಂತೆ ಕೂಗಿದಳು. ಪಕ್ಕದ ಮನೆಯಾಕೆ ಕೈಹಿಡಿದು ಎಳೆದೊಯ್ದು, ಕಾಫಿಬೀಜ ಹುರಿದು, ಅದರ ಹೊಗೆಯನ್ನು ಅವಳ ಮುಖದತ್ತ ಬೀಸಿ, ಕುಡಿಸಿ ಕಳಿಸಿದಳು. ಅಲ್ಲಿ ಯಾರೂ ಅವಳನ್ನು ಮೂಕಿ ಅನ್ನಲಿಲ್ಲ. ಭಾಷೆ ಬರದೆಯೂ ಬಾಳಬಹುದೆಂದು ತಿಳಿದ ದಿನ ಧನರಾಜನ ಮೇಲಿನ ಸಿಟ್ಟು ದುಪ್ಪಟ್ಟಾಯಿತು.

ಈಗ ರಜೆಗೆ ಬಂದಾಗ ಮತ್ತೆ ಅದೇ ಸಂಬಂಧ; ಫಾರಿನ್ನಿಗೂ ಹೋಗದೆ, ಮದುವೆಯೂ ಆಗದೆ ಉಳಿದಿದ್ದ ಧನರಾಜನದು. ಅವಳು ಹ್ಞೂಂ ಅಂದದ್ದು ಒಂದೇ ಕಾರಣಕ್ಕೆ: ನಾಲ್ಕು ಮಂದಿಯ ಎದುರು ಒಲ್ಲೆ ಅನ್ನಬೇಕು. ಬಾಯಿಬಿಟ್ಟು.

ಅದಕ್ಕೂ ಮೊದಲು ಒಂದು ಮಾತು ಕೇಳಬೇಕಿತ್ತು. ಅವನನ್ನು ಮಾಳಿಗೆಗೆ ಕರೆದೊಯ್ದಳು.

“ಅವತ್ತ ಯಾಕ ಸುಮ್ಮಿದ್ರಿ?”

“ಭುವನೇಶ್ವರಿ ವೈನಿಗೆ ಹೆದರಿದ್ದೆ.”

“ನನಗ ಇಂಗ್ಲಿಷ್ ಬರ್ಲಿಲ್ಲ, ಖರೆ. ನಿಮಗ ಕನ್ನಡಾನೂ ಬರ್ಲಿಲ್ಲ.”

“ಹೌದ್ರಿ. ಆಮ್ಯಾಲ ಭಾಳ ಸಲ ಹುಮನಾಬಾದ್ ಬಸ್ ಹತ್ತಿ ಬಂದೆ. ಸ್ಟ್ಯಾಂಡಿನ್ಯಾಗ ಚಹಾ ಕುಡಿದು ಹೊಳ್ಳಿ ಹೋದೆ.”

“ಚಹಾ ಛಲೋ ಇತ್ತೇನ್ರಿ?”

“ಒಂದಿನಾನೂ ಇರ್ಲಿಲ್ರಿ.”

ನಗು ಬಂತು. ನುಂಗಿದಳು.

“ಬ್ಯಾರೆ ಯಾರ್ನೂ ಯಾಕ ಮಾಡ್ಕೊಳ್ಳಿಲ್ಲ?”

“ಎಲ್ಲಿ ಹೋದ್ರೂ ವೈನಿ ಪೇಪರ್ ಹಿಡ್ಕೊಂಡ್ ಬರ್ತಿದ್ರು. ಎಲ್ಲಾರೂ ಛಲೋ ಓದ್ತಿದ್ರು. ನನಗ ಮಾತ್ರ ನಿಮ್ಮ ಬೆವತ ಮಾರಿನೇ ಕಣ್ಮುಂದ ಬರ್ತಿತ್ತು.”

ಒಲ್ಲೆ ಎಂಬ ಮಾತು ನಾಲಿಗೆಯ ತುದಿಯಲ್ಲಿತ್ತು. ಆದರೆ ಅದು ತೀರಾ ಸಣ್ಣ ಶಿಕ್ಷೆ ಅನಿಸಿತು. ಬಸವಕಲ್ಯಾಣದ ಬಸ್ ಹತ್ತಿ ಹೋಗಿ, ಒಂದು ವಾರ ಮರುಗಿ ಆರಾಮಾಗಿಬಿಡುತ್ತಾನೆ.

“ನೌಕರಿ ಬಿಟ್ಟು ನನ್ನ ಜೋಡಿ ಬರ್ತೀರೇನು? ನಾ ಸಾಲಿಗೆ ಹೋಗ್ತೀನಿ, ನೀವು ಮನಿ ನೋಡ್ಕೊಂಡಿರ್ರಿ. ಸಂತೀನೂ ನೀವೇ ಮಾಡ್ಬೇಕು. ನಿಮ್ಮ ಇಂಗ್ಲಿಷ್ ಅಲ್ಲಿ ಸಂತ್ಯಾಗ ನಡ್ಯಂಗಿಲ್ಲ.”

“ನನಗ ಅಲ್ಲೀ ಭಾಷಾ ಬರಂಗಿಲ್ಲಲ್ರಿ.”

“ಅದಕ್ಕ ಕರಿಯಾಕತ್ತೇನಿ.”

ಅವನು ಅವಳನ್ನೇ ನೋಡಿದ. ಚೇಷ್ಟೆಯಲ್ಲ ಎಂದು ಗೊತ್ತಾಯಿತು. ಮಾಳಿಗೆಯಿಂದ ಬಾಗಿ ಕೂಗಿದ: “ಕಾಕಾ, ನಾ ನೌಕರಿ ಬಿಡಾಕತ್ತೇನಿ! ಇವ್ರ ಜೋಡಿ ಹೊಂಟೀನಿ. ವೈನಿಗೆ ನಾನೇ ಹೇಳ್ತೀನಿ!”

ಕೆಳಗೆ ಮಹಾರುದ್ರಪ್ಪ ಜೋರಾಗಿ ಕೆಮ್ಮಿದರು.

“ಇನ್ನೊಂದು ಕೇಳ್ರಿ,” ಎಂದಳು ಜಯಮಾಲಾ. “ಆ ಊರಾಗ ಕನ್ನಡ ಬರೋದು ನನಗೊಬ್ಬಾಕಿಗೇ. ನಾ ಸಿಟ್ಟಾದ್ರ ನಿಮ್ಮ ಜೋಡಿ ಮಾತಾಡೋರು ಯಾರೂ ಇರಂಗಿಲ್ಲ. ನಾ ಭಾಳ ಸಿಟ್ಟಾಗ್ತೀನಿ.”

“ಆಗ್ರಿ,” ಅಂದ ಧನರಾಜ. “ಎದುರಿಗಿರ್ತೀರಲ್ಲ.”

ಸಿಟ್ಟನ್ನು ಈಗಿಂದಲೇ ಶುರು ಮಾಡಬೇಕೆಂದು ಅವಳು ಮುಖ ಬಿಗಿದಳು. ತುಟಿ ಅವಳ ಮಾತು ಕೇಳಲಿಲ್ಲ.